ಹಿರಿಯ ನಾಗರಿಕರು ಮತ್ತು ತಂತ್ರಜ್ಞಾನದ ವಿನ್ಯಾಸ



ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ನಮ್ಮ ದೇಶದ ನಿವೃತ್ತಿ ವೇತನದಾರರು ಒಂದು ವಿಶಿಷ್ಟ ಕರ್ತವ್ಯವನ್ನು ನೆರವೇರಿಸಬೇಕಾಗುತ್ತದೆ. ತಾವು ಜೀವಂತರಾಗಿದ್ದೇವೆ ಎಂಬುದನ್ನು ತಾವೇ ರುಜುವಾತುಪಡಿಸಬೇಕು. ಹಿಂದೆ ಇದಕ್ಕಾಗಿ ಬ್ಯಾಂಕಿಗೆ ಅಥವಾ ಖಜಾನೆಗೆ ಖುದ್ದಾಗಿ ಹೋಗಬೇಕಾಗಿತ್ತು. ಇಲ್ಲವೇ ಅಧಿಕಾರಿಯೊಬ್ಬರ ಸಹಿ ಪಡೆದ ಪತ್ರವನ್ನು ಒಪ್ಪಿಸಬೇಕಾಗಿತ್ತು. 2014ರ ನವೆಂಬರ್ 10ರಂದು ಕೇಂದ್ರ ಸರ್ಕಾರವು 'ಜೀವನ್ ಪ್ರಮಾಣ್' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಆಧಾರ್ ಸಂಖ್ಯೆಯೊಂದಿಗೆ ಬೆರಳಚ್ಚನ್ನೋ ಕಣ್ಣಿನ ಪಾಪೆಯ ಗುರುತನ್ನೋ ನೀಡಿದರೆ ಪ್ರಮಾಣಪತ್ರವು ತಾನಾಗಿಯೇ ಸಿದ್ಧವಾಗುತ್ತದೆ. ಧಾರವಾಡದಲ್ಲಿ ನಿವೃತ್ತರಾಗಿ ಪುಣೆಯಲ್ಲಿ ಮಗಳ ಮನೆಯಲ್ಲಿ ವಾಸಿಸುವ ಕೇಂದ್ರ ಸರ್ಕಾರದ ಪಿಂಚಣಿದಾರರು ಇದಕ್ಕಾಗಿ ಮತ್ತೆ ಧಾರವಾಡದವರೆಗೆ ಪ್ರಯಾಣ ಮಾಡಬೇಕಾಗಿಲ್ಲ. ಇದು ನಿಸ್ಸಂದೇಹವಾಗಿ ದೊಡ್ಡ ಅನುಕೂಲ.

ಆದರೆ ಈ ಅನುಕೂಲದ ಹೊಸ್ತಿಲಲ್ಲಿಯೇ ಒಂದು ತೊಡಕು ಎದುರಾಯಿತು. ವಯಸ್ಸಾದವರ ಬೆರಳ ತುದಿಯ ಚರ್ಮ ಒಣಗಿರುತ್ತದೆ, ಅದರ ರೇಖೆಗಳು ಸವೆದಿರುತ್ತವೆ. ಹೊಲದಲ್ಲಿ ದುಡಿದವರ, ಪಾತ್ರೆ ತಿಕ್ಕಿದವರ, ಕಾರ್ಖಾನೆಯಲ್ಲಿ ಯಂತ್ರ ಹಿಡಿದವರ ಬೆರಳುಗಳು ಇನ್ನೂ ಹೆಚ್ಚು ಸವೆದಿರುತ್ತವೆ. ಹಿರಿಯರು ಬೆರಳನ್ನು ಯಂತ್ರದ ಮೇಲಿಡುತ್ತಾರೆ, ಯಂತ್ರ ಒಪ್ಪುವುದಿಲ್ಲ. ಬಟ್ಟೆಯಿಂದ ಒರೆಸಿ ಮತ್ತೊಮ್ಮೆ ಇಡುತ್ತಾರೆ; ಆಗಲೂ ಒಪ್ಪುವುದಿಲ್ಲ. ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ. ಆಗ ಆ ಹಿರಿಯರು ಸಾಮಾನ್ಯವಾಗಿ ಆಡುವ ಮಾತು ಯಾವುದು? "ನನ್ನ ಬೆರಳೇ ಸರಿಯಿಲ್ಲ, ನನಗೆ ವಯಸ್ಸಾಯಿತು" ಎಂಬುದು. ಯಂತ್ರ ಸರಿಯಿಲ್ಲ ಎಂದು ಅವರು ಹೇಳುವುದಿಲ್ಲ.

ಇಂದಿನ ನನ್ನ ಮಾತುಗಳ ತಿರುಳೆಲ್ಲ ಈ ಒಂದು ವಾಕ್ಯದಲ್ಲಿದೆ. ಬೆರಳು ಸರಿಯಾಗಿಯೇ ಇದೆ. ಎಪ್ಪತ್ತು ವರ್ಷ ಬಾಳಿದ ಬೆರಳು ಹೇಗಿರಬೇಕೋ ಹಾಗೆಯೇ ಇದೆ. ಅದನ್ನು ಓದಬೇಕಾದ ಉಪಕರಣವನ್ನು ರೂಪಿಸುವಾಗ ಅಂಥ ಬೆರಳಿನ ವಿಚಾರ ಸಾಕಷ್ಟು ಆಗಿರಲಿಲ್ಲ, ಅಷ್ಟೆ. ತಪ್ಪು ಯಾರದು ಎಂಬುದನ್ನು ಸರಿಯಾಗಿ ಗುರುತಿಸಿದಾಗ ಪರಿಹಾರವೂ ದೊರೆಯುತ್ತದೆ ಎಂಬುದಕ್ಕೆ ಇದೇ ವ್ಯವಸ್ಥೆ ಸಾಕ್ಷಿ. 2020ರಲ್ಲಿ ಅಂಚೆಯಣ್ಣನ ಮೂಲಕ ಮನೆಬಾಗಿಲಿನಲ್ಲಿಯೇ ಜೀವನ ಪ್ರಮಾಣಪತ್ರ ಮಾಡಿಸಿಕೊಳ್ಳುವ ಸೇವೆ ಬಂದಿತು. 2021ರ ನವೆಂಬರಿನಲ್ಲಿ ಮೊಬೈಲ್ ಫೋನಿನ ಕ್ಯಾಮರಾದ ಮೂಲಕ ಮುಖಚಹರೆಯನ್ನು ಗುರುತಿಸುವ ವಿಧಾನ ಜಾರಿಗೆ ಬಂದಿತು. ಬೆರಳು ಬದಲಾಗಲಿಲ್ಲ, ವಿನ್ಯಾಸ ಬದಲಾಯಿತು.

ಇವರು ಎಷ್ಟು ಮಂದಿ?

ಹಿರಿಯ ನಾಗರಿಕರು ಎಂದರೆ ಸಮಾಜದ ಒಂದು ಸಣ್ಣ ಅಂಚು ಎಂಬ ಭಾವನೆ ಉತ್ಪಾದಕರಲ್ಲಿ ಇಂದಿಗೂ ಇದೆ. ಅಂಕಿ ಅಂಶಗಳು ಇದನ್ನು ಸಮರ್ಥಿಸುವುದಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರ ಸಂಖ್ಯೆ 10 ಕೋಟಿ 38 ಲಕ್ಷ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯೂ ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಸೇರಿ 2023ರಲ್ಲಿ ಪ್ರಕಟಿಸಿದ ವರದಿಯು, 2022ರಲ್ಲಿ ಈ ಸಂಖ್ಯೆ 14 ಕೋಟಿ 90 ಲಕ್ಷ ಮುಟ್ಟಿದೆಯೆಂದೂ 2050ರ ವೇಳೆಗೆ ಸುಮಾರು 34 ಕೋಟಿ 70 ಲಕ್ಷಕ್ಕೆ ಏರುವುದೆಂದೂ ಅಂದಾಜು ಮಾಡಿದೆ. ಆಗ ಪ್ರತಿ ಐವರು ಭಾರತೀಯರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ. ಇಂದು ಮೊಬೈಲ್ ಫೋನನ್ನು ಬೆಳಗಿನಿಂದ ರಾತ್ರಿಯವರೆಗೆ ಕೈಯಿಂದ ಬಿಡದ ನಲವತ್ತರ ಹರೆಯದವರೇ ಅಂದಿನ ಆ ಹಿರಿಯರು. ಆದ್ದರಿಂದ ಹಿರಿಯರಿಗಾಗಿ ವಿನ್ಯಾಸ ಮಾಡುವುದೆಂದರೆ ಪರರಿಗೆ ತೋರುವ ದಯೆಯಲ್ಲ. ನಮ್ಮ ನಾಳೆಗೆ ನಾವೇ ಮಾಡಿಕೊಳ್ಳುವ ಏರ್ಪಾಡು.

ವಯಸ್ಸು ಏನನ್ನು ಬದಲಿಸುತ್ತದೆ?

ವಿನ್ಯಾಸಕಾರರು ಮೊದಲು ತಿಳಿಯಬೇಕಾದದ್ದು ಶರೀರದ ಸಹಜ ಧರ್ಮವನ್ನು. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರವು ತನ್ನ ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಳ್ಳತೊಡಗುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತದೆ. ಮುಂದೆ ಮಸೂರ ಹಳದಿಗೆ ತಿರುಗುತ್ತದೆ. ನೀಲಿ ಮತ್ತು ಹಸಿರು ಛಾಯೆಗಳ ನಡುವಿನ ಭೇದ ಅಳಿಯುತ್ತದೆ. ಪಾಪೆಯ ರಂಧ್ರ ಕಿರಿದಾಗುವುದರಿಂದ ಅರವತ್ತು ವರ್ಷದವರ ಅಕ್ಷಿಪಟಲವನ್ನು ತಲುಪುವ ಬೆಳಕು, ಇಪ್ಪತ್ತು ವರ್ಷದವರಿಗೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಇದನ್ನು ತಿಳಿದ ಯಾರೂ ಬಿಳಿಯ ಪರದೆಯ ಮೇಲೆ ತೆಳು ಬೂದು ಬಣ್ಣದ ಅಕ್ಷರಗಳನ್ನು ಇಡಲಾರರು. ಜಾಲತಾಣಗಳಿಗೆ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಸುಗಮ್ಯತೆಯ ಮಾರ್ಗಸೂಚಿಯು 2008ರಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಕನಿಷ್ಠ ಹೊಳಪಿನ ಅನುಪಾತವನ್ನು 4.5ಕ್ಕೆ 1 ಎಂದು ನಿಗದಿ ಮಾಡಿತು. ಈ ಅಂಕಿಯನ್ನು ನಿರ್ಧರಿಸುವಾಗ ಸುಮಾರು ಎಂಬತ್ತು ವರ್ಷದವರಲ್ಲಿ ಸಾಮಾನ್ಯವಾಗಿ ಕಂಡುಬರುವ ದೃಷ್ಟಿಶಕ್ತಿಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿತ್ತು ಎಂಬುದು ಗಮನಾರ್ಹ.

ಕಿವಿಯಲ್ಲಿ ಮೊದಲು ಕುಂದುವುದು ತಾರಕ ಸ್ವರಗಳನ್ನು ಗ್ರಹಿಸುವ ಶಕ್ತಿ. ಮಾತು ಕೇಳಿಸುತ್ತದೆ, ಆದರೆ 'ಸ', 'ಶ', 'ಚ'ಗಳಂಥ ವ್ಯಂಜನಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆದ್ದರಿಂದ ಧ್ವನಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಮಾತು ನಿಧಾನವೂ ಸ್ಪಷ್ಟವೂ ಆಗಬೇಕು. ಬಟ್ಟೆ ಒಗೆಯುವ ಯಂತ್ರದ ಕೀರಲು ಸದ್ದು ಮೊಮ್ಮಗನಿಗೆ ಕೇಳಿಸಿ ಅಜ್ಜಿಗೆ ಕೇಳಿಸದೇ ಇರುವುದಕ್ಕೆ ಇದೇ ಕಾರಣ.

ಇನ್ನು ಕೈಯ ವಿಚಾರ. ಗುಂಡಿಗಳಿದ್ದ ಹಳೆಯ ಫೋನಿನಲ್ಲಿ 5ರ ಅಂಕಿಯ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತಿತ್ತು. ಅದೊಂದು ಸಿಕ್ಕಿದರೆ ಬೆರಳಿಗೆ ಉಳಿದ ಅಂಕಿಗಳ ನೆಲೆ ಗೊತ್ತಾಗುತ್ತಿತ್ತು. ನುಣುಪಾದ ಗಾಜಿನ ಪರದೆಯಲ್ಲಿ ಆ ಆಸರೆಯಿಲ್ಲ. ಅಲ್ಲದೆ ಸ್ಪರ್ಶಪರದೆಯು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುವುದರಿಂದ ಒಣಗಿದ ಬೆರಳಿಗೆ ಅದು ಸುಲಭವಾಗಿ ಓಗೊಡುವುದಿಲ್ಲ. ಓಗೊಡದಿದ್ದಾಗ ಹಿರಿಯರು ಒತ್ತಿ ಹಿಡಿಯುತ್ತಾರೆ. ಅರ್ಧ ಸೆಕೆಂಡಿನಷ್ಟು ಹೊತ್ತು ಒತ್ತಿ ಹಿಡಿದರೆ ಪರದೆಯು ಅದನ್ನು ಬೇರೆಯೇ ಆಜ್ಞೆಯೆಂದು ತಿಳಿದು, ಕೇಳದ ಪಟ್ಟಿಯೊಂದನ್ನು ತೆರೆದಿಡುತ್ತದೆ. ಹೀಗೆ ಅವರ ಎಚ್ಚರಿಕೆಯೇ ಅವರಿಗೆ ತೊಡಕಾಗುತ್ತದೆ.

ಕೊನೆಯದಾಗಿ ಸ್ಮರಣೆ. ಆರು ಅಂಕಿಗಳ ಒಂದು ಒಟಿಪಿಯನ್ನು ಸಂದೇಶದಲ್ಲಿ ಓದಿ, ಮನಸ್ಸಿನಲ್ಲಿ ಹಿಡಿದಿಟ್ಟು, ಮತ್ತೊಂದು ಪುಟಕ್ಕೆ ಹೋಗಿ, ಕನ್ನಡಕ ಸರಿಮಾಡಿಕೊಂಡು ಬರೆಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ತತ್‌ಕ್ಷಣದ ಸ್ಮರಣೆಯೂ ವೇಗವೂ ವಯಸ್ಸಿನೊಂದಿಗೆ ತಗ್ಗುವುದು ನಿಜ. ಆದರೆ ಬದುಕಿನಲ್ಲಿ ಗಳಿಸಿದ ಪದಸಂಪತ್ತು, ವಿವೇಕ, ಅನುಭವದಿಂದ ಬಂದ ತಿಳಿವಳಿಕೆ ಹಾಗೆ ತಗ್ಗುವುದಿಲ್ಲ. ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಹಣದ ವ್ಯವಹಾರ ತಿಳಿಯುವುದಿಲ್ಲವೆಂದಲ್ಲ; ಆ ಪರದೆಯ ಸಂಕೇತಗಳು ತಿಳಿಯುವುದಿಲ್ಲ, ಅಷ್ಟೆ. ಮೂರು ಅಡ್ಡಗೆರೆಗಳ ಚಿಹ್ನೆಯೊಂದರ ಹಿಂದೆ ಪಟ್ಟಿಯೊಂದು ಅಡಗಿದೆ ಎಂಬುದು ಸ್ವಯಂವೇದ್ಯವಾದ ಸತ್ಯವಲ್ಲ. ಯಾರೋ ಮಾಡಿಕೊಂಡ ಒಪ್ಪಂದ.

ಲಿಪಿ ಮತ್ತು ಭಾಷೆ

ಕನ್ನಡಿಗರಾದ ನಾವು ಇಲ್ಲಿ ವಿಶೇಷವಾಗಿ ಎತ್ತಬೇಕಾದ ಎರಡು ಅಂಶಗಳಿವೆ. ಮೊದಲನೆಯದು ಲಿಪಿ. 'ರಾಷ್ಟ್ರ' ಎಂಬ ಪದವನ್ನು ನೋಡಿ. ಅದರಲ್ಲಿ ಅಕ್ಷರದ ಕೆಳಗೆ ಒಂದರ ಕೆಳಗೊಂದರಂತೆ ಎರಡು ಒತ್ತುಗಳಿವೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿದ ಪೆಟ್ಟಿಗೆಯಲ್ಲಿ ಈ ಪದವನ್ನು ತುಂಬಿದರೆ ಒತ್ತುಗಳು ಕತ್ತರಿಸಿಹೋಗುತ್ತವೆ, ಇಲ್ಲವೇ ಕೆಳಗಿನ ಸಾಲಿಗೆ ತಗಲುತ್ತವೆ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. 'ರ'ಕಾರಕ್ಕೂ 'ಠ'ಕಾರಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಸಾಲುಗಳ ನಡುವಿನ ಅಂತರವೂ ಹೆಚ್ಚಾಗಬೇಕು. ಮುದ್ರಣಾಲಯದ ಹಳೆಯ ಅಕ್ಷರಜೋಡಣೆಗಾರರಿಗೆ ಇದು ಕರತಲಾಮಲಕವಾಗಿತ್ತು. ಪರದೆಯನ್ನು ರೂಪಿಸುವವರು ಇದನ್ನು ಹೊಸದಾಗಿ ಕಲಿಯಬೇಕಾಗಿದೆ.

ಎರಡನೆಯದು ಭಾಷೆಯ ಆಯ್ಕೆ. ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ, ಮಕ್ಕಳೊಂದಿಗೆ ವಾಸಿಸಲು ವೃದ್ಧಾಪ್ಯದಲ್ಲಿ ಊರು ಬಿಟ್ಟು ಬಂದ ತಂದೆತಾಯಿಯರು ಅನೇಕರಿದ್ದಾರೆ. ಅವರು ಓದಬಲ್ಲದ್ದು ಕನ್ನಡ ಮಾತ್ರ. ದೂರವಾಣಿಯ ಧ್ವನಿಸೇವೆಗೆ ಕರೆ ಮಾಡಿದರೆ ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆ, ಹಿಂದಿ ಮತ್ತು ಇಂಗ್ಲಿಷ್ ಆಯ್ಕೆಗೆ ದೊರೆಯುತ್ತವೆ. ಸೇವೆಯು ಊರನ್ನು ನೋಡಿ ಭಾಷೆಯನ್ನು ನಿಶ್ಚಯಿಸುತ್ತದೆ, ವ್ಯಕ್ತಿಯನ್ನು ಕೇಳುವುದಿಲ್ಲ. ಊರಿನಿಂದ ಊರಿಗೆ ಜನ ಸಂಚರಿಸುವ ನಮ್ಮಂಥ ದೇಶದಲ್ಲಿ ಇದು ವಿನ್ಯಾಸದ ದೋಷವೇ ಸರಿ. ಕೇಂದ್ರ ಸರ್ಕಾರದ 'ಉಮಂಗ್' ಸೇವೆಯನ್ನು 2017ರ ನವೆಂಬರಿನಲ್ಲಿ ಆರಂಭಿಸಿದಾಗ ಕನ್ನಡವೂ ಸೇರಿದಂತೆ 13 ಭಾಷೆಗಳನ್ನು ಒದಗಿಸಲಾಯಿತು. ಬಳಸುವವರು ಯಾವ ಊರಿನಲ್ಲಿದ್ದರೂ ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು. ಈ ಮಾದರಿ ಸರ್ವತ್ರ ವ್ಯಾಪಿಸಬೇಕು. ಭಾಷೆ ಇದ್ದರೆ ಸಾಲದು, ಅದು ಮನೆಮಾತಿಗೆ ಹತ್ತಿರವಾಗಿಯೂ ಇರಬೇಕು. 'ವಹಿವಾಟನ್ನು ಪ್ರಾರಂಭಿಸಿ' ಎಂಬುದಕ್ಕಿಂತ 'ಹಣ ಕಳುಹಿಸಿ' ಎಂಬುದು ನಮ್ಮ ತಾಯಂದಿರಿಗೆ ಬೇಗ ಅರ್ಥವಾಗುತ್ತದೆ.

ಹೊಸ ಪೈಸೆಯ ಪಾಠ

ಹಿರಿಯರು ಹೊಸತನ್ನು ಕಲಿಯಲಾರರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಂದು ಎಂಬತ್ತು ದಾಟಿದವರ ಬಾಲ್ಯವನ್ನು ನೆನಪಿಸಿಕೊಳ್ಳಿ. 1957ರ ಏಪ್ರಿಲ್ 1ರಂದು ರೂಪಾಯಿ, ಆಣೆ, ಪೈಗಳ ಲೆಕ್ಕ ಹೋಗಿ ನೂರು ಹೊಸ ಪೈಸೆಗಳ ಲೆಕ್ಕ ಬಂದಿತು. ಅದರ ಹಿಂದೆಯೇ ಸೇರು, ಪಾವು, ಮಣಗಳು ಹೋಗಿ ಕಿಲೋಗ್ರಾಂ, ಲೀಟರುಗಳು ಬಂದವು. ಓದು ಬರಹ ಬಲ್ಲವರು ತೀರ ಕಡಿಮೆಯಿದ್ದ ಆ ಕಾಲದಲ್ಲಿ ಇಡೀ ದೇಶ ಈ ಎರಡು ಬದಲಾವಣೆಗಳನ್ನೂ ಜೀರ್ಣಿಸಿಕೊಂಡಿತು.

ಅದು ಹೇಗೆ ಸಾಧ್ಯವಾಯಿತು? ಹಳೆಯದನ್ನು ಒಮ್ಮೆಗೇ ಕಿತ್ತುಹಾಕಲಿಲ್ಲ. ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ಕಾಲ ಜೊತೆಜೊತೆಯಾಗಿ ಚಲಾವಣೆಯಲ್ಲಿದ್ದವು. ಹೊಸ ನಾಣ್ಯಕ್ಕೆ 'ಹೊಸ ಪೈಸೆ' ಎಂದೇ ಹೆಸರಿಟ್ಟು, ಅದು ರೂಪಾಯಿಯ ನೂರನೆಯ ಒಂದು ಭಾಗವೆಂದು ಅದರ ಮೇಲೆಯೇ ಮುದ್ರಿಸಲಾಗಿತ್ತು. ಜನರಿಗೆ ಸಾಕಷ್ಟು ರೂಢಿಯಾದ ಮೇಲೆ, 1964ರಲ್ಲಿ, 'ಹೊಸ' ಎಂಬ ವಿಶೇಷಣವನ್ನು ಕೈಬಿಡಲಾಯಿತು. ಉಪಕರಣವೇ ತನ್ನನ್ನು ತಾನು ವಿವರಿಸಿಕೊಳ್ಳುವುದು, ಹಳೆಯ ದಾರಿಯನ್ನು ಕೆಲಕಾಲ ತೆರೆದಿಡುವುದು, ರೂಢಿಯಾಗಲು ಸಮಯ ಕೊಡುವುದು: ಉತ್ತಮ ವಿನ್ಯಾಸದ ಈ ಮೂರು ಸೂತ್ರಗಳು ಆ ಪುಟ್ಟ ನಾಣ್ಯದಲ್ಲಿದ್ದವು. ಇಂದಿನ ಮೊಬೈಲ್ ತಂತ್ರಾಂಶಗಳು ಒಂದು ರಾತ್ರಿಯಲ್ಲಿ ತಮ್ಮ ರೂಪವನ್ನೇ ಬದಲಿಸಿಕೊಳ್ಳುತ್ತವೆ. ನಿನ್ನೆ ಎಡಗಡೆಯಿದ್ದ ಗುಂಡಿ ಇಂದು ಬಲಗಡೆಗೆ ಬಂದಿರುತ್ತದೆ. ಪ್ರಯಾಸದಿಂದ ದಾರಿಯನ್ನು ಬಾಯಿಪಾಠ ಮಾಡಿಕೊಂಡವರಿಗೆ ಇದು, ಮನೆಯ ಬಾಗಿಲನ್ನು ಯಾರೋ ಹೇಳದೆ ಕೇಳದೆ ಬೇರೆ ಗೋಡೆಗೆ ಸರಿಸಿದಂತೆ.

ಬೇರೆ ದೇಶಗಳ ಅನುಭವ

ಈ ಕ್ಷೇತ್ರದಲ್ಲಿ ಒಂದು ಸಾಹಸವನ್ನು ಸ್ಮರಿಸುವುದು ಉಚಿತ. 1979ರಲ್ಲಿ ನ್ಯೂಯಾರ್ಕಿನ ಪ್ಯಾಟ್ರೀಷಿಯಾ ಮೂರ್ ಎಂಬ ಯುವ ವಿನ್ಯಾಸಕಾರ್ತಿ, ಸಂಧಿವಾತವಿರುವವರೂ ತೆರೆಯಬಲ್ಲಂಥ ಶೀತಕದ ಬಾಗಿಲನ್ನು ರೂಪಿಸಬಹುದಲ್ಲವೇ ಎಂದು ತಮ್ಮ ಕಚೇರಿಯ ಸಭೆಯಲ್ಲಿ ಕೇಳಿದರು. ಅಂಥವರಿಗಾಗಿ ನಾವು ವಿನ್ಯಾಸ ಮಾಡುವುದಿಲ್ಲ ಎಂಬರ್ಥದ ಉತ್ತರ ಬಂದಿತು. ಆಗ ಇಪ್ಪತ್ತಾರು ವರ್ಷದವರಾಗಿದ್ದ ಅವರು ಮುಪ್ಪಿನ ವೇಷ ಧರಿಸಿದರು; ದೃಷ್ಟಿಯನ್ನು ಮಸುಕಾಗಿಸುವ ಕನ್ನಡಕ ಹಾಕಿಕೊಂಡರು; ಕಿವಿಗೆ ಬಿರಡೆ ಇಟ್ಟುಕೊಂಡು ಕೈಕಾಲು ಸುಲಭವಾಗಿ ಮಡಚದಂತೆ ಕಟ್ಟಿಕೊಂಡರು. ಹೀಗೆ 1982ರವರೆಗೆ ಅಮೆರಿಕ ಮತ್ತು ಕೆನಡಾಗಳ ನೂರಕ್ಕೂ ಹೆಚ್ಚು ನಗರಗಳಲ್ಲಿ ಸಂಚರಿಸಿ, ಬಸ್ಸಿನ ಮೆಟ್ಟಿಲು, ಅಂಗಡಿಯ ಬಾಗಿಲು, ಜನರ ನಡವಳಿಕೆ ಇವೆಲ್ಲವನ್ನೂ ಸ್ವತಃ ಅನುಭವಿಸಿ ಅರಿತರು.

1990ರಲ್ಲಿ ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯು, ಸಂಧಿವಾತವಿದ್ದ ತಮ್ಮ ಪತ್ನಿಗೆ ಸಿಪ್ಪೆ ಸುಲಿಯುವ ಸಲಕರಣೆಯನ್ನು ಹಿಡಿಯುವುದು ಕಷ್ಟವಾದುದನ್ನು ಕಂಡು, ದಪ್ಪನಾದ ಮೆದು ರಬ್ಬರಿನ ಹಿಡಿಯುಳ್ಳ ಅಡುಗೆಮನೆಯ ಸಾಮಗ್ರಿಗಳನ್ನು ಮಾರುಕಟ್ಟೆಗೆ ತಂದರು. ನೋವಿರುವ ಕೈಗಾಗಿ ಹುಟ್ಟಿದ ಆ ಸಾಮಗ್ರಿಯನ್ನು ನೋವಿಲ್ಲದವರೂ ಮೆಚ್ಚಿ ಕೊಂಡರು. ಜಪಾನಿನಲ್ಲಿ 1999ರಿಂದ ಮಾರಾಟಕ್ಕೆ ಬಂದ 'ರಾಕು ರಾಕು' ಎಂಬ ಮೊಬೈಲ್ ಫೋನುಗಳ ಮಾಲಿಕೆಯಲ್ಲಿ ದೊಡ್ಡ ಅಕ್ಷರ, ಆಪ್ತರಿಗೆ ನೇರವಾಗಿ ಕರೆ ಮಾಡುವ ಮೂರು ಪ್ರತ್ಯೇಕ ಗುಂಡಿಗಳು, ಆ ಕಡೆಯವರ ಮಾತನ್ನು ನಿಧಾನಗೊಳಿಸಿ ಕೇಳಿಸುವ ಸೌಲಭ್ಯ ಇವೆಲ್ಲ ಬಂದವು. ಹಿರಿಯರಿಗೆ ಒಳ್ಳೆಯದಾದದ್ದು ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂಬುದೇ ಈ ಉದಾಹರಣೆಗಳ ಸಾರ.

ಹಿರಿಯರನ್ನು ಕೇಳುವ ಬಗೆ

ಉತ್ತಮ ವಿನ್ಯಾಸಕ್ಕೆ ಮೊದಲು ಸಂಶೋಧನೆ ನಡೆಯಬೇಕು. ಇಲ್ಲಿಯೂ ಕೆಲವು ತಪ್ಪುಗಳು ರೂಢಿಯಲ್ಲಿವೆ. ಹೊಸ ಉಪಕರಣವನ್ನು ಪರೀಕ್ಷಿಸಲು ಕರೆಯುವವರು ಬಹುಪಾಲು ಯುವಕರು. ಅದೂ ನಗರದ ಇಂಗ್ಲಿಷ್ ಬಲ್ಲ ಯುವಕರು. ಹಿರಿಯರನ್ನು ಸೇರಿಸಿದರೂ '60 ವರ್ಷ ಮೇಲ್ಪಟ್ಟವರು' ಎಂದು ಒಂದೇ ಗುಂಪಿಗೆ ತಳ್ಳುತ್ತಾರೆ. ಅರವತ್ತೆರಡರ ನಿವೃತ್ತ ಅಭಿಯಂತರರಿಗೂ ಎಂಬತ್ತೈದರ ಗೃಹಿಣಿಗೂ ಇರುವ ಅಂತರ, ಇಪ್ಪತ್ತಕ್ಕೂ ನಲವತ್ತಕ್ಕೂ ಇರುವ ಅಂತರಕ್ಕಿಂತ ಎಷ್ಟೋ ಹೆಚ್ಚು.

ನಮ್ಮ ಸಂಸ್ಕೃತಿಗೆ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಮನೆಗೆ ಬಂದ ಸಂಶೋಧಕರನ್ನು ಹಿರಿಯರು ಅತಿಥಿಯಂತೆ ಕಾಣುತ್ತಾರೆ. 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ ಮಗೂ' ಎನ್ನುತ್ತಾರೆ. ಉಪಕರಣ ಅರ್ಥವಾಗದಿದ್ದರೆ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕುಳಿತ ಮಗನೋ ಸೊಸೆಯೋ ಅವರ ಪರವಾಗಿ ಉತ್ತರಿಸಿಬಿಡುತ್ತಾರೆ. ಆದ್ದರಿಂದ ಅಭಿಪ್ರಾಯ ಕೇಳುವುದಕ್ಕಿಂತ ಕೆಲಸ ಕೊಟ್ಟು ಗಮನಿಸುವುದು ಮೇಲು. ಅವರದೇ ಮನೆಯಲ್ಲಿ, ಅವರದೇ ಕನ್ನಡಕದಲ್ಲಿ, ಅವರದೇ ಗೀರು ಬಿದ್ದ ಹಳೆಯ ಫೋನಿನಲ್ಲಿ ವಿದ್ಯುತ್ ಬಿಲ್ಲು ಕಟ್ಟಲು ಹೇಳಿ, ಸಹಾಯಕ್ಕೆ ಧಾವಿಸದೆ, ಎಲ್ಲಿ ಬೆರಳು ತಡೆಯುತ್ತದೆ ಎಂಬುದನ್ನು ನೋಡಬೇಕು. ಎಂಟು ದಿನ ಬಿಟ್ಟು ಮತ್ತೆ ಹೋಗಿ, ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ ನೋಡಬೇಕು. ಉಪಕರಣವನ್ನು ಬಳಸದೆ ಬಿಟ್ಟವರನ್ನೂ ಹುಡುಕಿ ಮಾತನಾಡಿಸಬೇಕು; ಏಕೆಂದರೆ ನಿಜವಾದ ದೋಷಪಟ್ಟಿ ಇರುವುದು ಅವರ ಬಳಿ. ನಮ್ಮ ದೇಶದಲ್ಲಿ ಇಂಥ ಪರಿಶ್ರಮದ ಮಾದರಿ ಇಲ್ಲವೆಂದಲ್ಲ. 2017–18ರಲ್ಲಿ ನಡೆದ ಭಾರತದ ವೃದ್ಧಾಪ್ಯ ಅಧ್ಯಯನದ ಮೊದಲ ಸುತ್ತಿನಲ್ಲಿ 45 ವರ್ಷ ಮೇಲ್ಪಟ್ಟ 72 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ, ಅವರ ದೃಷ್ಟಿಯನ್ನೂ ಕೈಯ ಹಿಡಿತದ ಬಲವನ್ನೂ ಅಳೆಯಲಾಯಿತು. ಉಪಕರಣಗಳನ್ನು ರೂಪಿಸುವವರು ಇಂಥ ಮಾಹಿತಿಯ ಸದುಪಯೋಗ ಪಡೆಯಬೇಕು.

ಗುಪ್ತಸಂಖ್ಯೆ ಪರರ ಕೈಗೆ

ವಿನ್ಯಾಸ ಸೋತರೆ ನಷ್ಟವಾಗುವುದು ಕೇವಲ ಸಮಯವಲ್ಲ. ಯಂತ್ರ ಒಗ್ಗದ ಹಿರಿಯರು ಕೊನೆಗೆ ಮಾಡುವುದೇನು? ಎಟಿಎಂ ಕಾರ್ಡಿನ ಹಿಂದೆ ಗುಪ್ತಸಂಖ್ಯೆಯನ್ನು ಬರೆದಿಡುತ್ತಾರೆ. ಫೋನನ್ನು ಪಕ್ಕದ ಮನೆಯ ಹುಡುಗನಿಗೋ ಅಂಗಡಿಯವನಿಗೋ ಕೊಟ್ಟು 'ನೀನೇ ಮಾಡಪ್ಪ' ಎನ್ನುತ್ತಾರೆ. ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಹೀಗೆ ಒಬ್ಬರಿಗೆ ಒಟಿಪಿ ಓದಿ ಹೇಳುವ ಅಭ್ಯಾಸವಾದವರಿಗೆ, ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ ಎನ್ನುವ ವಂಚಕನಿಗೂ ಅದನ್ನು ಓದಿ ಹೇಳುವುದು ಅಸಹಜವೆನಿಸುವುದಿಲ್ಲ. ನಾವು ಅದನ್ನು ಅವರ ಅಜ್ಞಾನವೆನ್ನುತ್ತೇವೆ. ವಾಸ್ತವವಾಗಿ ಆ ಅಭ್ಯಾಸವನ್ನು ಕಲಿಸಿದ್ದು ಅವರ ಕೈಗೆ ಒಗ್ಗದ ಪರದೆ.

ಇದಕ್ಕಿಂತ ಆಳವಾದ ನಷ್ಟ ಇನ್ನೊಂದಿದೆ. ಜೀವನವಿಡೀ ತನ್ನ ಹಣವನ್ನು ತಾನೇ ಎಣಿಸಿದವರು, ತನ್ನ ಕಾಗದಕ್ಕೆ ತಾನೇ ರುಜು ಹಾಕಿದವರು, ಔಷಧಿ ತರಿಸಲು, ಬಂಧುಗಳಿಗೆ ಉಡುಗೊರೆ ಕಳುಹಿಸಲು ಮತ್ತೊಬ್ಬರ ಬಿಡುವಿಗಾಗಿ ಕಾಯಬೇಕಾಗುತ್ತದೆ. ಕೇಳಿ ಕೇಳಿ ಬೇಸತ್ತು ಕೇಳುವುದನ್ನೇ ಬಿಡುತ್ತಾರೆ. ಪರಾವಲಂಬನೆಯು ಹೀಗೆ ಸದ್ದಿಲ್ಲದೆ ಮನೆಯನ್ನು ಹೊಗುತ್ತದೆ.

ಕಾನೂನು ಮತ್ತು ಸರ್ಕಾರದ ಕ್ರಮಗಳು

1999ನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಹಿರಿಯರ ವರ್ಷವೆಂದು ಆಚರಿಸಿತು. ಅದೇ ವರ್ಷ ಭಾರತವು ವೃದ್ಧರಿಗಾಗಿ ರಾಷ್ಟ್ರೀಯ ನೀತಿಯನ್ನು ರೂಪಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಎಲ್ಲರೂ ಬಳಸಬಲ್ಲ ಸಾರ್ವತ್ರಿಕ ವಿನ್ಯಾಸದ ಗ್ರಾಹಕ ವಸ್ತುಗಳ ಅಭಿವೃದ್ಧಿಯನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಉತ್ಪನ್ನಗಳು ಹಾಗೂ ಸೇವೆಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸುವ ಐಎಸ್ 17802 ಎಂಬ ಭಾರತೀಯ ಮಾನಕವನ್ನು 2021 ಮತ್ತು 2022ರಲ್ಲಿ ಎರಡು ಭಾಗಗಳಲ್ಲಿ ಹೊರಡಿಸಲಾಯಿತು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪು ನೀಡಿತು.

ಬ್ಯಾಂಕಿಂಗ್ ಕ್ಷೇತ್ರದಲ್ಲಿ, ಭಾರತೀಯ ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿ, 70 ವರ್ಷ ಮೀರಿದವರಿಗೆ ಮನೆಬಾಗಿಲಿನಲ್ಲಿ ಮೂಲಭೂತ ಸೇವೆ ನೀಡುವಂತೆಯೂ, ಪಿಂಚಣಿ ನೀಡುವ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಜೀವನ ಪ್ರಮಾಣಪತ್ರವನ್ನು ಸ್ವೀಕರಿಸುವಂತೆಯೂ ಬ್ಯಾಂಕುಗಳಿಗೆ ಸೂಚಿಸಿತು. 2022ರ ಮಾರ್ಚಿಯಲ್ಲಿ ಆರಂಭವಾದ 'ಯುಪಿಐ 123 ಪೇ' ವ್ಯವಸ್ಥೆಯಿಂದ ಗುಂಡಿಗಳಿರುವ ಸಾಮಾನ್ಯ ಫೋನಿನಲ್ಲಿಯೂ ಧ್ವನಿಸೇವೆಯ ಮೂಲಕ ಹಣ ಕಳುಹಿಸಬಹುದು. ರೈಲ್ವೆಯ ಗಣಕಯಂತ್ರವು ಪ್ರಯಾಣಿಕರ ವಯಸ್ಸನ್ನು ನೋಡಿ, ಖಾಲಿಯಿದ್ದರೆ, ಕೇಳದಿದ್ದರೂ ಕೆಳಗಿನ ಶಯನಾಸನವನ್ನು ಕೊಡುತ್ತದೆ. ಬಳಕೆದಾರರಿಗೆ ಹೆಚ್ಚಿನ ಶ್ರಮ ಕೊಡದೆ ಯಂತ್ರವೇ ಕಾಳಜಿ ವಹಿಸುವ ಇಂಥ ವಿನ್ಯಾಸ ಅನುಕರಣೀಯ.

ಕೊರತೆಗಳನ್ನೂ ಹೇಳಬೇಕು. 2017ರಲ್ಲಿ ಗ್ರಾಮೀಣ ಜನರಿಗಾಗಿ ಆರಂಭವಾಗಿ 2024ರ ಮಾರ್ಚಿಯಲ್ಲಿ ಮುಗಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ಕಲಿಯುವವರ ವಯಸ್ಸು 14ರಿಂದ 60 ಎಂದು ನಿಗದಿಯಾಗಿತ್ತು. ಪಿಂಚಣಿಯೂ ಪಡಿತರವೂ ಬೆರಳಚ್ಚು ಮತ್ತು ಮೊಬೈಲನ್ನು ಅವಲಂಬಿಸಿದ ಕಾಲದಲ್ಲಿ, ಅವುಗಳ ಅಗತ್ಯ ಅತಿ ಹೆಚ್ಚಿರುವ ವಯೋಮಾನದವರು ತರಗತಿಯ ಹೊರಗೆ ಉಳಿದರು. ಮುಂದಿನ ಯೋಜನೆಗಳು ಈ ಮೇಲ್ಮಿತಿಯನ್ನು ಇಟ್ಟುಕೊಳ್ಳದಿರಲಿ.

ನಾವು ಮಾಡಬಹುದಾದದ್ದು

ದೊಡ್ಡ ಸುಧಾರಣೆಗಳಿಗಾಗಿ ಕಾಯದೆ ಈ ಸಂಜೆಯೇ ನಾವು ಕೆಲವು ಕೆಲಸಗಳನ್ನು ಮಾಡಬಹುದು. ಮನೆಯ ಹಿರಿಯರ ಫೋನಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಇದಕ್ಕೆ ಯಾವ ಊರೂ ಅಡ್ಡಿಯಲ್ಲ. ಅಕ್ಷರದ ಗಾತ್ರವನ್ನು ಹಿಗ್ಗಿಸಿ. ಸ್ಪರ್ಶಿಸಿ ಹಿಡಿಯುವ ಅವಧಿಯನ್ನು ದೀರ್ಘವಾಗಿಸುವ ಅವಕಾಶ ಅನೇಕ ಫೋನುಗಳ ಸುಗಮ್ಯತೆಯ ವಿಭಾಗದಲ್ಲಿದೆ; ಅದನ್ನು ಬಳಸಿ. ಬೇಡದ ಚಿಹ್ನೆಗಳನ್ನು ತೆಗೆದು ಬೇಕಾದ ನಾಲ್ಕನ್ನು ಮಾತ್ರ ಮೊದಲ ಪುಟದಲ್ಲಿಡಿ. ಯುಪಿಐ ಮೂಲಕ ಹಣ ಪಡೆಯಲು ಗುಪ್ತಸಂಖ್ಯೆಯ ಅಗತ್ಯವಿಲ್ಲ, ಕೊಡಲು ಮಾತ್ರ ಬೇಕು ಎಂಬ ಒಂದೇ ಮಾತನ್ನು ಮನದಟ್ಟು ಮಾಡಿಸಿ. ಹಿರಿಯ ನಾಗರಿಕರ ಸಹಾಯವಾಣಿಯಾದ 14567 ಮತ್ತು ಆನ್‌ಲೈನ್ ಹಣಕಾಸು ವಂಚನೆಯ ದೂರಿಗಾಗಿ ಇರುವ 1930, ಈ ಎರಡು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಕಲಿಸುವಾಗ ಫೋನು ಅವರ ಕೈಯಲ್ಲಿಯೇ ಇರಲಿ. ನಾವು ಕಸಿದುಕೊಂಡು ಎರಡು ಕ್ಷಣದಲ್ಲಿ ಮಾಡಿಕೊಟ್ಟರೆ ಕೆಲಸ ಮುಗಿಯುತ್ತದೆ, ಕಲಿಕೆ ಆಗುವುದಿಲ್ಲ. ಅಕ್ಷರಾಭ್ಯಾಸ ಮಾಡಿಸುವಾಗ ಅವರು ನಮ್ಮ ಕೈ ಹಿಡಿದು ತಿದ್ದಿಸಿದರು, ನಮ್ಮ ಕೈಯಿಂದ ಬಳಪವನ್ನು ಕಿತ್ತುಕೊಳ್ಳಲಿಲ್ಲ. ಹೊರನಾಡಿನ ನಮ್ಮ ಕನ್ನಡ ಸಂಘಗಳು ತಿಂಗಳಿಗೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು, ಯುವಕರನ್ನೂ ಹಿರಿಯರನ್ನೂ ಒಂದೇ ಜಮಖಾನದ ಮೇಲೆ ಕೂರಿಸಬಹುದು. ಇಲ್ಲಿರುವ ತರುಣ ಅಭಿಯಂತರರಲ್ಲಿ ನನ್ನದೊಂದು ವಿನಂತಿ: ನೀವು ರೂಪಿಸಿದ ಪರದೆಯನ್ನು ಲೋಕಕ್ಕೆ ಬಿಡುವ ಮುನ್ನ ಒಬ್ಬ ಅಜ್ಜಿಯ ಕೈಗೆ ಕೊಟ್ಟು, ಏನೂ ಹೇಳದೆ ಹತ್ತು ನಿಮಿಷ ಕುಳಿತು ನೋಡಿ.

ಅಂದು ಅವರು 'ನನಗೆ ವಯಸ್ಸಾಯಿತು' ಎಂದರೆ, ಅದನ್ನು ನಿಮ್ಮ ಕೆಲಸದ ಮೇಲೆ ಬಂದ ದೂರೆಂದು ಬರೆದುಕೊಳ್ಳಿ.